ಸ್ವರ್ಣಧಾರ ಕೋಳಿ ಸಾಕಿ ಎರಡು ವರ್ಷ ಆಯಿತು: ಮರಿ ಕೊಳ್ಳುವ ಮುಂಚೆ ಇದನ್ನೊಮ್ಮೆ ಓದಿ

ಮೊದಲೇ ಹೇಳಿಬಿಡುತ್ತೇನೆ. ಹಿತ್ತಲಲ್ಲೋ ತೋಟದಲ್ಲೋ ಬಿಟ್ಟು ಸಾಕುವವರಿಗೆ, ಮನೆಗೆ ಮೊಟ್ಟೆಯೂ ಬೇಕು, ಹಬ್ಬಕ್ಕೆ ಒಂದು ಹುಂಜವೂ ಬೇಕು ಅನ್ನುವವರಿಗೆ ಸ್ವರ್ಣಧಾರ, ಅಂದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನವರು ಮಾಡಿದ ತಳಿ, ಒಳ್ಳೆಯ ಕೋಳಿ. ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದನ್ನು ಯಾಕೆ ಹಿಡಿದುಕೊಂಡೆ ಅಂದರೆ, ಇದು ಕಾವಿಗೆ ಕೂರುವುದಿಲ್ಲ, ಮತ್ತೆ ಇದರ ಮೊಟ್ಟೆಯಿಂದ ಮರಿ ಮಾಡಿಸಿದರೆ ಆ ಮರಿ ತಾಯಿಯ ಹಾಗೆ ಬರುವುದಿಲ್ಲ. ಈ ಎರಡು ವಿಷಯ ಗೊತ್ತಿಲ್ಲದೆ ತಂದವರೆಲ್ಲ ಒಂದು ವರ್ಷ ಆದಮೇಲೆ ಬೇಜಾರು ಮಾಡಿಕೊಳ್ಳುತ್ತಾರೆ. ಅದು ಕೋಳಿಯ ತಪ್ಪಲ್ಲ.

ನಮ್ಮದು ತುಮಕೂರು ಜಿಲ್ಲೆಯ ಗುಬ್ಬಿ ಕಡೆ. ಎರಡು ಎಕರೆ ತೆಂಗು, ಮಧ್ಯೆ ಒಂದಿಷ್ಟು ಅಡಿಕೆ. ಮದುವೆ ಆಗಿ ಬಂದಾಗಿನಿಂದ ಅತ್ತೆ ಸಾಕುತ್ತಿದ್ದ ನಾಟಿ ಕೋಳಿ ನೋಡಿದ್ದೇನೆ, ಆದರೆ ನಾನೇ ದುಡ್ಡು ಹಾಕಿ ಮರಿ ತಂದಿದ್ದು ಮೂರು ವರ್ಷದ ಹಿಂದೆ. ಆ ಮೊದಲ ಸಲ ಆಗಿದ್ದನ್ನು ಹೇಳದೆ ಸ್ವರ್ಣಧಾರದ ಮಾತು ಪೂರ್ತಿ ಆಗುವುದಿಲ್ಲ.

ಒಂದು ದಿನ ಬೆಳಿಗ್ಗೆ ಊರಿಗೆ ಗೂಡ್ಸ್ ಗಾಡಿ ಬಂತು. ಹಿಂದೆ ಟ್ರೇ ತುಂಬ ಮರಿ. "ಅಕ್ಕಾ, ಅಸಲಿ ನಾಟಿ. ಫಾರಂದು ಅಲ್ಲ, ನೀವೇ ನೋಡಿ" ಅಂದ. ಮರಿ ಚೆನ್ನಾಗಿದ್ದವು, ಚುರುಕಾಗಿದ್ದವು, ಎಲ್ಲವೂ ತಿಳಿ ಹಳದಿ ಬಣ್ಣ. ಐವತ್ತು ತೆಗೆದುಕೊಂಡೆ. ಅತ್ತೆ ಬಾಗಿಲಲ್ಲೇ ನಿಂತು ನೋಡಿ, "ನಾಟಿ ಕೋಳಿ ಪಿಳ್ಳೆ ಒಂದೊಂದು ಒಂದೊಂದು ಬಣ್ಣ ಇರ್ತದೆ ಕಣಮ್ಮ, ಇವೇನು ಎಲ್ಲಾ ಒಂದೇ ಅಚ್ಚಲ್ಲಿ ಹೊಯ್ದಂಗವೆ" ಅಂದರು. ನಾನು ಕೇಳಲಿಲ್ಲ. ಆರೇಳು ಸತ್ತವು, ಉಳಿದವು ಬೆಳೆದವು. ಮೂರು ತಿಂಗಳಿಗೆ ನೋಡಿದರೆ ಎಲ್ಲವೂ ಬಿಳಿ, ಹೆಗಲ ಹತ್ತಿರ ಮಾತ್ರ ಸ್ವಲ್ಪ ಇಟ್ಟಿಗೆ ಬಣ್ಣ ಬಳಿದ ಹಾಗೆ. ಒಂದಾದಮೇಲೆ ಒಂದು ಕೂಗತೊಡಗಿದವು. ನಲವತ್ತಕ್ಕೂ ಹೆಚ್ಚು ಹುಂಜ, ಒಂದೇ ಒಂದು ಹ್ಯಾಟೆ ಇಲ್ಲ. ಮೊಟ್ಟೆಗೆ ಅಂತ ಸಾಕಿದ್ದೆ ನಾನು. ಅವತ್ತು ನಿಜವಾಗಿ ಅಳು ಬಂತು.

ತಾಲ್ಲೂಕು ಪಶು ಆಸ್ಪತ್ರೆಗೆ ಒಂದು ಹುಂಜ ಹಿಡಿದುಕೊಂಡು ಹೋದೆ. ಅಲ್ಲಿನ ಡಾಕ್ಟರ್ ನೋಡಿದ ತಕ್ಷಣ, "ಮೇಡಂ, ಇವು ಕಂದು ಮೊಟ್ಟೆ ಇಡುವ ಫಾರಂ ತಳಿಯ ಗಂಡು ಮರಿಗಳು" ಅಂದರು. ಆಮೇಲೆ ಅವರು ಬಿಡಿಸಿ ಹೇಳಿದ್ದನ್ನು ನನಗೆ ಅರ್ಥವಾದ ಹಾಗೆ ಬರೆಯುತ್ತೇನೆ, ಯಾಕೆಂದರೆ ಇದೊಂದು ತಿಳಿದರೆ ಮರಿ ವ್ಯಾಪಾರದ ಅರ್ಧ ತಿಳಿದ ಹಾಗೆ.

ಕಂದು ಮೊಟ್ಟೆಯ ಫಾರಂ ತಳಿ ಮಾಡುವಾಗ ತಂದೆ ಕಡೆ ಕೆಂಪು ಪುಕ್ಕದ ವಂಶ ಇಡುತ್ತಾರೆ, ರೋಡ್ ಐಲ್ಯಾಂಡ್ ರೆಡ್ ಥರದ್ದು. ತಾಯಿ ಕಡೆ ಬಿಳಿ ಪುಕ್ಕದ ವಂಶ. ಪುಕ್ಕದ ಈ ಬಣ್ಣದ ಗುಣ ಹುಂಜದಲ್ಲಿ ಎರಡು ಪ್ರತಿ ಇರುತ್ತದೆ, ಹೆಣ್ಣು ಕೋಳಿಯಲ್ಲಿ ಒಂದೇ ಪ್ರತಿ. ತಾಯಿ ತನ್ನ ಆ ಒಂದು ಪ್ರತಿಯನ್ನು ಮಗನಿಗೆ ಮಾತ್ರ ಕೊಡುತ್ತಾಳೆ. ಮಗಳಿಗೆ ಅಪ್ಪನದ್ದೇ ಗತಿ. ಹಾಗಾಗಿ ಮಗಳು ಅಪ್ಪನ ಹಾಗೆ ಕೆಂಪು, ಮಗ ಅಮ್ಮನ ಹಾಗೆ ಬಿಳಿ. ಮೊಟ್ಟೆ ಒಡೆದು ಬಂದ ದಿನವೇ ಹೆಣ್ಣು ಮರಿ ಕಂದು, ಗಂಡು ಮರಿ ತಿಳಿ ಹಳದಿ. ಮರಿಯನ್ನು ತಿರುಗಿಸಿ ಒತ್ತಿ ನೋಡುವ ಕೆಲಸವೇ ಇಲ್ಲ, ಬಣ್ಣ ನೋಡಿ ಬೇರೆ ಮಾಡಬಹುದು. ಮೊಟ್ಟೆ ಫಾರಂನವರಿಗೆ ಹೆಣ್ಣು ಮಾತ್ರ ಬೇಕು. ಗಂಡು ಮರಿ ಅವರಿಗೆ ಬೇಡ. ಆ ಬೇಡದ ಮರಿ ಅಗ್ಗಕ್ಕೆ ಯಾರದೋ ಕೈಗೆ ಸಿಗುತ್ತದೆ, ನಾಟಿ ಅಂತ ಹೆಸರಿಟ್ಟುಕೊಂಡು ಹಳ್ಳಿ ಸುತ್ತುತ್ತದೆ. ಸಂತೆಯಲ್ಲಿ ಗುಲಾಬಿ, ಹಸಿರು ಬಣ್ಣ ಹಾಕಿ ಮಕ್ಕಳಿಗೆ ಮಾರುತ್ತಾರಲ್ಲ, ಅವೂ ಸಾಮಾನ್ಯವಾಗಿ ಹೀಗೆ ಬೇಡವಾದ ಗಂಡು ಮರಿಗಳೇ. ಇವು ಮಾಂಸಕ್ಕೂ ಅಷ್ಟಕ್ಕಷ್ಟೇ. ಇವುಗಳ ಅಕ್ಕ ತಂಗಿಯರು ಮೊಟ್ಟೆಗೆ ಹುಟ್ಟಿದವರು, ಇವಕ್ಕೆ ಮೈ ಹಿಡಿಯುವುದಿಲ್ಲ. ತಿಂದ ಕಾಳಿನ ಲೆಕ್ಕ ಹಾಕಿದರೆ ನನಗೆ ನಷ್ಟವೇ.

ಗಾಡಿಯವನ ಹತ್ತಿರ ಮತ್ತೆ ಯಾವತ್ತೂ ಮರಿ ಕೊಳ್ಳಲಿಲ್ಲ. ನಿಮಗೂ ಒಂದೇ ಮಾತು: ಒಂದು ದಿನದ ಮರಿ ಎಲ್ಲವೂ ಒಂದೇ ಬಣ್ಣ ಇದ್ದು, ಮಾರುವವರು ನಾಟಿ ಅಂದರೆ ನಂಬಬೇಡಿ.

ಆಮೇಲೆ ಆ ಡಾಕ್ಟರೇ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ದಾರಿ ತೋರಿಸಿದರು. ಬೆಂಗಳೂರಿನ ಹೆಬ್ಬಾಳಕ್ಕೂ ನಮ್ಮ ರಾಜ್ಯದ ಹಿತ್ತಲ ಕೋಳಿಗೂ ದೊಡ್ಡ ಸಂಬಂಧ. ಗಿರಿರಾಜ ತಳಿ ಹುಟ್ಟಿದ್ದು ಅಲ್ಲೇ, 1989ರಲ್ಲಿ, ಆಗ ಅದು ಕೃಷಿ ವಿಶ್ವವಿದ್ಯಾಲಯದ ಕೆಳಗಿತ್ತು. ಸ್ವರ್ಣಧಾರವನ್ನು ರೈತರಿಗೆ ಬಿಟ್ಟಿದ್ದು 2005ರಲ್ಲಿ. ಈಗ ಆ ಕಾಲೇಜು ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದೆ. ನಮ್ಮ ಹಳ್ಳಿಗಳಲ್ಲಿ ನಾಟಿಗಿಂತ ದಪ್ಪ ಇರುವ ಬಣ್ಣದ ಕೋಳಿಗೆಲ್ಲ ಗಿರಿರಾಜ ಅಂತಲೇ ಹೆಸರು, ಅದು ಯಾವುದೇ ಇರಲಿ. ಅಷ್ಟು ಹೆಸರು ಮಾಡಿತ್ತು ಆ ತಳಿ. ನಾನು ಮುಂಚೆಯೇ ಫೋನ್ ಮಾಡಿ, ಮರಿ ಬುಕ್ ಮಾಡಿ, ಹೇಳಿದ ದಿನ ಬೆಳಿಗ್ಗೆ ಹೋದೆ. ಸುಮ್ನೆ ಹೋಗಿ ನಿಂತರೆ ಆಗುವುದಿಲ್ಲ, ಮರಿ ಆಗುವುದು ಲೆಕ್ಕದ ದಿನಕ್ಕೆ, 21 ದಿನದ ಕಾವು ಮುಗಿಯಬೇಕಲ್ವಾ. ಡಬ್ಬಿಗೆ ತೂತು ಇದೆಯಾ ನೋಡಿ, ಕಾರಿನ ಎಸಿ ಆರಿಸಿ, ಮಧ್ಯಾಹ್ನದ ಬಿಸಿಲಿಗೆ ಮುಂಚೆ ಮನೆ ಸೇರಿದೆವು. ಐವತ್ತರಲ್ಲಿ ದಾರಿಯಲ್ಲಿ ಒಂದೂ ಹೋಗಲಿಲ್ಲ.

ಈ ಸಲ ಅತ್ತೆ ಡಬ್ಬಿ ತೆಗೆದು ನೋಡಿ ಏನೂ ಅನ್ನಲಿಲ್ಲ. ಮರಿಗಳಲ್ಲಿ ಬಣ್ಣ ಬೇರೆ ಬೇರೆ ಇತ್ತು.

ಮೊದಲ ಮೂರು ವಾರ ಪೂರ್ತಿ ನಮ್ಮ ಕೈಯಲ್ಲಿದೆ. ತಾಯಿ ಇಲ್ಲದ ಮರಿಗೆ ಬಲ್ಬೇ ತಾಯಿ. ಮರಿಗೆ ಎರಡು ವ್ಯಾಟ್ ಲೆಕ್ಕದಲ್ಲಿ ಐವತ್ತು ಮರಿಗೆ ನೂರು ವ್ಯಾಟ್ ಹಾಕಿದೆವು. ಕೆಳಗೆ ಭತ್ತದ ಹೊಟ್ಟು, ಅದರ ಮೇಲೆ ಮೊದಲ ನಾಲ್ಕು ದಿನ ಪೇಪರ್. ಮೊದಲ ವಾರ 35 ಡಿಗ್ರಿ ಹತ್ತಿರ ಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತ ಬರಬೇಕು. ಥರ್ಮಾಮೀಟರ್ ಇಲ್ಲದಿದ್ದರೆ ಮರಿಗಳೇ ಹೇಳುತ್ತವೆ. ಬಲ್ಬಿನ ಕೆಳಗೆ ಒಂದರ ಮೇಲೆ ಒಂದು ಬಿದ್ದಿದ್ದರೆ ಚಳಿ. ಗೋಡೆಗೆ ಅಂಟಿ ಬಾಯಿ ಬಿಡುತ್ತಿದ್ದರೆ ಸೆಕೆ. ಹರಡಿಕೊಂಡು ಆರಾಮಾಗಿ ಮೇಯುತ್ತಿದ್ದರೆ ಸರಿಯಾಗಿದೆ. ಮ್ಯಾರೆಕ್ಸ್ ರೋಗದ ಲಸಿಕೆ ಮರಿ ಹುಟ್ಟಿದಲ್ಲೇ ಹಾಕುತ್ತಾರೆ, ಕೇಳಿ ಖಾತ್ರಿ ಮಾಡಿಕೊಳ್ಳಿ. ಐದರಿಂದ ಏಳನೇ ದಿನದೊಳಗೆ ಕೊಕ್ಕರೆ ರೋಗಕ್ಕೆ (ರಾಣಿಖೇತ್) ಲಸೋಟ ಅನ್ನುವ ಲಸಿಕೆಯ ಹನಿ, 14ನೇ ದಿನ ಗುಂಬೊರೊ ರೋಗದ ಲಸಿಕೆ, ನಾಲ್ಕನೇ ವಾರ ಮತ್ತೆ ಲಸೋಟ, ಎಂಟನೇ ವಾರ ಕೊಕ್ಕರೆ ರೋಗಕ್ಕೇ ಆರ್‌ಟುಬಿ ಚುಚ್ಚುಮದ್ದು. ನಾಟಿ ಕೋಳಿಗೆ ರೋಗ ಬರಲ್ಲ ಅಂತ ಊರಲ್ಲಿ ಹೇಳುತ್ತಾರೆ, ಅದು ಸುಳ್ಳು. ಕೊಕ್ಕರೆ ರೋಗ ಬಂದರೆ ನಾಟಿಯೂ ಉಳಿಯುವುದಿಲ್ಲ, ಗಿರಿರಾಜವೂ ಉಳಿಯುವುದಿಲ್ಲ, ಬೆಳಗಾಗುವುದರೊಳಗೆ ಗೂಡು ಖಾಲಿ. ಲಸಿಕೆಗೆ ಕೊಡುವ ದುಡ್ಡಿನಲ್ಲಿ ಉಳಿತಾಯ ಮಾಡಬೇಡಿ, ದಯವಿಟ್ಟು.

ಐದು ವಾರ ಆದಮೇಲೆ ತೋಟಕ್ಕೆ ಬಿಟ್ಟೆವು. ಇಲ್ಲಿಂದ ಸ್ವರ್ಣಧಾರದ ಗುಣ ಕಾಣತೊಡಗಿತು.

ಮೇಯುವುದರಲ್ಲಿ ಜಾಣ ಕೋಳಿ. ತೆಂಗಿನ ಬುಡ ಕೆದರುತ್ತದೆ, ಗೆದ್ದಲು ತಿನ್ನುತ್ತದೆ, ಒಣಗಿದ ಗರಿಯ ಕೆಳಗಿನ ಹುಳ ಬಿಡುವುದಿಲ್ಲ. ಸಂಜೆ ಒಂದು ಹಿಡಿ ರಾಗಿ, ನುಚ್ಚು, ಜೊತೆಗೆ ನೀರಿನ ಮೇಲೆ ಬೆಳೆಯುವ ಅಜೋಲ್ಲಾ ಸೊಪ್ಪು ಹಾಕುತ್ತೇವೆ. ವಿಶ್ವವಿದ್ಯಾಲಯದ ಲೆಕ್ಕದಲ್ಲಿ 22-23 ವಾರಕ್ಕೆ ಹೆಣ್ಣು ಸುಮಾರು 3 ಕೆಜಿ, ಗಂಡು 4 ಕೆಜಿ. ನಮ್ಮಲ್ಲಿ ಅಷ್ಟು ಬರಲಿಲ್ಲ, ಹುಂಜ ಐದು ತಿಂಗಳಿಗೆ ಮೂರು ಕೆಜಿಗೆ ಸ್ವಲ್ಪ ಕಮ್ಮಿ ತೂಗಿತು. ಬಿಟ್ಟು ಮೇಯಿಸಿದರೆ ಇಷ್ಟೇ, ನನಗೆ ಬೇಸರ ಇಲ್ಲ. ವರ್ಷಕ್ಕೆ 180ರಿಂದ 190 ಮೊಟ್ಟೆ ಅನ್ನುತ್ತಾರೆ, ನಮ್ಮ ಹದಿನೆಂಟು ಹ್ಯಾಟೆಗಳ ಲೆಕ್ಕ ಕೋಳಿಗೆ 150ರ ಹತ್ತಿರ ನಿಂತಿತು. ಏಪ್ರಿಲ್ ತಿಂಗಳ ಸೆಕೆಯಲ್ಲಿ ತುಂಬ ಬಿದ್ದುಹೋಯಿತು, ಮಳೆ ಹಿಡಿದ ಮೇಲೆ ಮತ್ತೆ ಎದ್ದಿತು. ಅತ್ತೆಯ ನಾಟಿ ಕೋಳಿ ವರ್ಷಕ್ಕೆ ಐವತ್ತು ಅರವತ್ತು ಇಟ್ಟರೆ ಹೆಚ್ಚು. ಈ ವ್ಯತ್ಯಾಸ ಸಣ್ಣದಲ್ಲ. ಮನೆಯಲ್ಲಿ ಇಬ್ಬರು ಮಕ್ಕಳು, ಇಬ್ಬರು ವಯಸ್ಸಾದವರು ಇರುವಾಗ ದಿನಾ ಒಂದೊಂದು ಮೊಟ್ಟೆ ತಟ್ಟೆಗೆ ಬರುವುದು ಎಷ್ಟು ದೊಡ್ಡ ವಿಷಯ ಅಂತ ನನಗೆ ಗೊತ್ತು.

ರುಚಿ ಬಗ್ಗೆ ನೇರವಾಗಿ ಹೇಳುತ್ತೇನೆ. ಫಾರಂ ಕೋಳಿಗಿಂತ ಗಟ್ಟಿ, ನಾಟಿಗಿಂತ ಮೆತ್ತಗೆ. ಐದು ತಿಂಗಳು ಮೇಯ್ದ ಹುಂಜದ ಸಾರು ಮುದ್ದೆಗೆ ಚೆನ್ನಾಗಿ ಹೊಂದುತ್ತದೆ, ಕುಕ್ಕರ್‌ನಲ್ಲಿ ಆರೇಳು ಕೂಗು ಬೇಕು. ಆದರೆ ಒಂದು ವರ್ಷ ದಾಟಿದ ನಾಟಿ ಹುಂಜದ ಸಾರಿನ ಮೇಲೆ ತೇಲುತ್ತದಲ್ಲ ಆ ಹಳದಿ ಎಣ್ಣೆ, ಆ ಘಮ, ಅದು ಇದರಲ್ಲಿ ಬರುವುದಿಲ್ಲ. ಬರುತ್ತದೆ ಅಂತ ಹೇಳುವವರು ನಾಟಿ ತಿಂದು ಬಹಳ ದಿನ ಆಗಿರಬೇಕು.

ಇದೇ ಕಾರಣಕ್ಕೆ ಈ ಮೊಟ್ಟೆಯನ್ನು ನಾನು ನಾಟಿ ಮೊಟ್ಟೆ ಅಂತ ಮಾರುವುದಿಲ್ಲ. ತೋಟದ ಕೋಳಿ ಮೊಟ್ಟೆ ಅಂತಲೇ ಹೇಳುತ್ತೇನೆ. ಗಿರಾಕಿಗಳು ಕಂದು ಬಣ್ಣ ನೋಡಿ ನಾಟಿ ಅಂದುಕೊಳ್ಳುತ್ತಾರೆ. ಚಿಪ್ಪಿನ ಬಣ್ಣ ತಳಿಯ ಗುಣ ಅಷ್ಟೇ, ಶಕ್ತಿಗೂ ಬಣ್ಣಕ್ಕೂ ಸಂಬಂಧ ಇಲ್ಲ. ಪಂಜರದಲ್ಲಿ ಕೂತು ಫೀಡ್ ತಿನ್ನುವ ಫಾರಂ ಕೋಳಿಯೂ ಕಂದು ಮೊಟ್ಟೆ ಇಡುತ್ತದೆ. ನಾಟಿ ಮೊಟ್ಟೆ ಗುರುತಿಸಬೇಕಾದರೆ ಗಾತ್ರ ನೋಡಿ, 40 ಗ್ರಾಂ ಆಸುಪಾಸು ಇರುತ್ತದೆ, ಒಂದರ ಹಾಗೆ ಇನ್ನೊಂದು ಇರುವುದಿಲ್ಲ. ಟ್ರೇ ತುಂಬ ಒಂದೇ ಅಳತೆ, ಒಂದೇ ಕಂದು ಇದ್ದರೆ ಅದು ಫಾರಂದು.

ಸ್ವರ್ಣಧಾರದಲ್ಲಿ ನನಗೆ ಮೆಚ್ಚಿಗೆಯಾದ ಇನ್ನೊಂದು ಗುಣ ಅದರ ಓಟ. ಪಕ್ಕದ ತೋಟದವರು ಗಿರಿರಾಜ ಸಾಕುತ್ತಾರೆ. ಮೈ ತುಂಬ ಮಾಂಸ, ನೋಡುವುದಕ್ಕೆ ರಾಜನೇ. ಆದರೆ ಆ ಭಾರಕ್ಕೆ ಓಡುವುದು ಕಷ್ಟ, ಹಾರುವುದಂತೂ ಇಲ್ಲ, ಕಾಡುಬೆಕ್ಕು ಬಂದ ರಾತ್ರಿ ಅವರ ಆರು ಕೋಳಿ ಹೋದವು, ನಮ್ಮದು ಎರಡು. ಸ್ವರ್ಣಧಾರ ಗಿರಿರಾಜಕ್ಕಿಂತ ಹಗುರ, ತಪ್ಪಿಸಿಕೊಳ್ಳುತ್ತದೆ, ಮೊಟ್ಟೆಯೂ ವರ್ಷಕ್ಕೆ ಅದಕ್ಕಿಂತ 15-20 ಜಾಸ್ತಿ. ಮಾಂಸಕ್ಕೇ ಸಾಕುವವರು, ಗಟ್ಟಿ ಬೇಲಿ, ಗಟ್ಟಿ ಗೂಡು ಇರುವವರು ಗಿರಿರಾಜ ತನ್ನಿ. ನಮ್ಮ ಹಾಗೆ ಬೇಲಿ ಅಲ್ಲಲ್ಲಿ ಕಿತ್ತಿರುವವರು ಸ್ವರ್ಣಧಾರಕ್ಕೇ ಹೋಗಿ. ಎರಡಕ್ಕೂ ಮೈ ಬಣ್ಣ ಮಿಶ್ರ, ಒಣಗಿದ ಎಲೆ, ಗರಿ ಮಧ್ಯೆ ಹದ್ದಿನ ಕಣ್ಣಿಗೆ ಸುಲಭಕ್ಕೆ ಬೀಳುವುದಿಲ್ಲ. ಬಿಳಿ ಕೋಳಿ ಹಾಗಲ್ಲ, ನನ್ನ ಆ ಬಿಳಿ ಹುಂಜಗಳಲ್ಲಿ ಎಂಟು ಹದ್ದಿನ ಪಾಲಾದವು.

ನಮ್ಮ ನಾದಿನಿ ಮನೆಯಲ್ಲಿ ಕಾವೇರಿ ಇದೆ, ಹೆಸರಘಟ್ಟದ ಕೇಂದ್ರ ಸರ್ಕಾರದ ಕೋಳಿ ಸಂಸ್ಥೆಯ ತಳಿ. ಕಂದು ಮೈ, ಶಾಂತ ಸ್ವಭಾವ, ಮೊಟ್ಟೆಗೆ ಒಳ್ಳೆಯದು. ನಾನೇ ಸಾಕಿಲ್ಲ, ಆದ್ದರಿಂದ ಅಂಕ ಕೊಡುವುದಿಲ್ಲ. ಹೈದರಾಬಾದಿನಿಂದ ಬಂದ ವನರಾಜ, ಗ್ರಾಮಪ್ರಿಯ ಕೂಡ ನಮ್ಮ ಕಡೆ ಸಿಗುತ್ತವೆ. ವನರಾಜ ಮೊಟ್ಟೆ, ಮಾಂಸ ಎರಡಕ್ಕೂ, ಗ್ರಾಮಪ್ರಿಯ ಹೆಚ್ಚಾಗಿ ಮೊಟ್ಟೆಗೆ.

ಈಗ ನಾನು ಹಿಡಿದುಕೊಂಡ ಆ ಒಂದು ಅಂಕದ ವಿಷಯ.

ಮೊದಲ ವರ್ಷ ಮೊಟ್ಟೆ ಧಾರಾಳ ಆದಾಗ, ಮತ್ತೆ ಯಾಕೆ ಹೆಬ್ಬಾಳಕ್ಕೆ ಹೋಗಬೇಕು, ಮನೆಯಲ್ಲೇ ಮರಿ ಮಾಡಿಸೋಣ ಅಂದುಕೊಂಡೆ. ಸ್ವರ್ಣಧಾರ ಹ್ಯಾಟೆ ಒಂದೂ ಕಾವಿಗೆ ಕೂರಲಿಲ್ಲ. ಸರಿ, ಅತ್ತೆಯ ಎರಡು ನಾಟಿ ಕೋಳಿ ಕಾವು ಕೂತಿದ್ದವು, ಅವುಗಳ ಕೆಳಗೆ ಹನ್ನೆರಡು ಹನ್ನೆರಡು ಸ್ವರ್ಣಧಾರ ಮೊಟ್ಟೆ ಇಟ್ಟೆ. ಇಪ್ಪತ್ತು ಮರಿ ಆದವು. ಸಂಭ್ರಮ. ಆರು ತಿಂಗಳಿಗೆ ನೋಡಿದರೆ ಒಂದು ಗಿಡ್ಡ, ಒಂದು ದಪ್ಪ, ಒಂದು ಬಿಳಿ, ಒಂದು ಕೆಂಪು. ಎರಡು ಹ್ಯಾಟೆ ತಾಯಿಯ ಹಾಗೆ ಮೊಟ್ಟೆ ಇಟ್ಟವು, ಉಳಿದವು ನಾಟಿಯ ಹತ್ತಿರ ಬಂದು ನಿಂತವು, ಆದರೆ ನಾಟಿಯ ಹಾಗೆ ಕಾವಿಗೂ ಕೂರಲಿಲ್ಲ. ಎರಡು ಕಡೆಯ ಲಾಭವೂ ಇಲ್ಲ.

ಕಾರಣ ಸರಳ. ಈ ತಳಿಗಳನ್ನು ಮಾಡುವಾಗ ಒಂದು ಕಡೆ ಮೈತೂಕಕ್ಕೆ ಅಂತ ತಲೆಮಾರುಗಳಿಂದ ಆರಿಸಿಕೊಂಡು ಬಂದ ತಂದೆ ವಂಶ, ಇನ್ನೊಂದು ಕಡೆ ಮೊಟ್ಟೆಗೆ ಅಂತ ಆರಿಸಿದ ತಾಯಿ ವಂಶ. ಎರಡನ್ನೂ ಬೇರೆ ಬೇರೆಯಾಗಿಯೇ ಕಾಪಾಡಿಕೊಂಡು ಬರುತ್ತಾರೆ. ಅವೆರಡು ಕೂಡಿದಾಗ ಬರುವ ಮೊದಲ ಪೀಳಿಗೆಗೆ ಕಸುವು ಜಾಸ್ತಿ, ಅದೇ ನಮ್ಮ ಕೈಗೆ ಬರುವ ಮರಿ. ಅದರ ಮಕ್ಕಳಲ್ಲಿ ಅಜ್ಜ ಅಜ್ಜಿಯರ ಗುಣಗಳೆಲ್ಲ ಚದುರಿಹೋಗುತ್ತವೆ, ಯಾವ ಮರಿಗೆ ಏನು ಬರುತ್ತದೆ ಅಂತ ಹೇಳುವುದಕ್ಕೆ ಆಗುವುದಿಲ್ಲ. ಹೈಬ್ರಿಡ್ ಟೊಮೆಟೊದ ಬೀಜ ಎತ್ತಿಟ್ಟು ಮತ್ತೆ ಬಿತ್ತಿದವರಿಗೆ ಇದು ಗೊತ್ತಿರುತ್ತದೆ. ಆದ್ದರಿಂದ ಸ್ವರ್ಣಧಾರ, ಗಿರಿರಾಜ ಬೇಕಾದರೆ ಪ್ರತಿ ಸಲ ಹೊಸ ಮರಿಯನ್ನೇ ತರಬೇಕು. ಆ ಖರ್ಚು ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ಆದರೆ ಅತ್ತೆಯ ನಾಟಿ ಕೋಳಿಯಿಂದ ಒಂದು ಉಪಾಯ ಸಿಕ್ಕಿತು. ಎರಡನೇ ಸಲ ಮರಿ ತಂದಾಗ, ಕಾವು ಕೂತು ಎರಡು ವಾರ ದಾಟಿದ್ದ ನಾಟಿ ಕೋಳಿ ಇತ್ತು. ರಾತ್ರಿ ಕತ್ತಲಲ್ಲಿ ಮೊಟ್ಟೆ ಮೆಲ್ಲಗೆ ತೆಗೆದು, ಒಂದು ದಿನದ ಹನ್ನೆರಡು ಸ್ವರ್ಣಧಾರ ಮರಿ ಅದರ ರೆಕ್ಕೆ ಕೆಳಗೆ ಸೇರಿಸಿದೆವು. ಬೆಳಿಗ್ಗೆ ಮಂಕರಿ ಎತ್ತಿದಾಗ ಅದು ತನ್ನದೇ ಮರಿ ಅಂತ ಕೊಕ್ ಕೊಕ್ ಅನ್ನುತ್ತ ಕರೆದುಕೊಂಡು ಹೊರಟಿತು. ಕರೆಂಟ್ ಇಲ್ಲ, ಬಲ್ಬ್ ಇಲ್ಲ. ಹದ್ದು ಕಂಡರೆ ಎಲ್ಲರನ್ನೂ ಬೇಲಿ ಕೆಳಗೆ ನುಗ್ಗಿಸುತ್ತಿತ್ತು. ಬಲ್ಬಿನ ಕೆಳಗೆ ಬೆಳೆದವಕ್ಕೆ ಆ ಬುದ್ಧಿ ಬರುವುದು ನಿಧಾನ. ಹಗಲಲ್ಲಿ ಸೇರಿಸಬೇಡಿ, ಕುಕ್ಕಿ ಹಾಕುತ್ತದೆ. ಮರಿ ಒಂದೆರಡು ದಿನದ್ದೇ ಇರಬೇಕು.

ಕಡಕ್‌ನಾಥ್ ವಿಷಯ ಕೇಳುವವರು ತುಂಬ. ಒಂದು ಜೊತೆ ನಮ್ಮಲ್ಲೂ ಇತ್ತು. ಮಧ್ಯಪ್ರದೇಶದ ಝಾಬುವಾದ, ಮಾಂಸವೂ ಕಪ್ಪಿರುವ ಕೋಳಿ ಇದು, 2018ರಲ್ಲಿ ಅಲ್ಲಿನ ಕಡಕ್‌ನಾಥ್ ಮಾಂಸಕ್ಕೆ ಭೌಗೋಳಿಕ ಗುರುತು ಸಿಕ್ಕಿತು. ಪುಕ್ಕ ಕಪ್ಪಿದ್ದರೆ ಕಡಕ್‌ನಾಥ್ ಆಗಿಬಿಡುವುದಿಲ್ಲ, ಕಪ್ಪು ಪುಕ್ಕದ ನಾಟಿ ಬೇಕಾದಷ್ಟಿವೆ. ಬಾಯಿ ತೆರೆಸಿ ನಾಲಿಗೆ ನೋಡಿ, ಒಳಗೆಲ್ಲ ಕಪ್ಪು ಛಾಯೆ ಇರಬೇಕು. ಪುಕ್ಕ ಸರಿಸಿ ಚರ್ಮ ನೋಡಿ. ಕಾಲು, ಉಗುರು, ಅಂಗಾಲು ನೋಡಿ. ಜುಟ್ಟು ಕಪ್ಪೋ ನೇರಳೆಯೋ ಇರಬೇಕು, ದಾಸವಾಳದ ಹಾಗೆ ಕೆಂಪಗಿದ್ದರೆ ಬೆರಕೆ ಅಂತ ಅನುಮಾನ ಪಡಿ. ಬೆರಕೆಯಲ್ಲಿ ಕಪ್ಪು ಒಂದೇ ಸಮ ಇರುವುದಿಲ್ಲ. ಮೊಟ್ಟೆ ಮಾತ್ರ ಕಪ್ಪಲ್ಲ, ತಿಳಿ ಕೆನೆ ಬಣ್ಣ, ಕಪ್ಪು ಮೊಟ್ಟೆ ಅಂತ ತೋರಿಸಿದರೆ ಅದು ಮೋಸ. ಚಿಕ್ಕ ಕೋಳಿ, ಹುಂಜ ಎರಡು ಕೆಜಿ ಒಳಗೆ, ಬೆಳೆಯುವುದು ನಿಧಾನ. ಮರಿಗೆ ಜಾಸ್ತಿ ದುಡ್ಡು ಕೊಟ್ಟು ಸಾಕಿ, ಕೊನೆಗೆ ಕೊಳ್ಳುವವರು ಸಿಗದೆ ನಮ್ಮ ಕಡೆ ಎಷ್ಟೋ ಜನ ಕೈ ಸುಟ್ಟುಕೊಂಡರು. ಮೊದಲು ಗಿರಾಕಿ ನೋಡಿಕೊಳ್ಳಿ, ಆಮೇಲೆ ಮರಿ.

ಕಾಳಗಕ್ಕೆ ಹೆಸರಾದ ಅಸೀಲ್ ಕೋಳಿಯ ಗುರುತು ಇನ್ನೂ ಸುಲಭ. ಉದ್ದ ಕುತ್ತಿಗೆ, ನೆಟ್ಟಗೆ ನಿಲ್ಲುವ ಮೈ, ಗಟ್ಟಿ ಕಾಲು, ಜುಟ್ಟು ಗರಗಸದ ಹಾಗೆ ಎದ್ದಿರುವುದಿಲ್ಲ, ಬಟಾಣಿ ಸಾಲು ಅಂಟಿಸಿದ ಹಾಗೆ ತಲೆಗೆ ಒತ್ತಿಕೊಂಡಿರುತ್ತದೆ. ಗದ್ದದ ಕೆಳಗಿನ ಜೋಲು ತೀರ ಚಿಕ್ಕದು. ಮೊಟ್ಟೆ ಕಮ್ಮಿ, ಆದರೆ ಕಾವಿಗೆ, ಮರಿ ಸಾಕುವುದಕ್ಕೆ ಬಹಳ ಒಳ್ಳೆಯ ತಾಯಿ. ಎರಡು ಹುಂಜ ಒಟ್ಟಿಗೆ ಬಿಡಬೇಡಿ, ಒಂದು ಸಾಯುವ ತನಕ ಬಿಡುವುದಿಲ್ಲ.

ನನಗೆ ಈಗ ಮನಸ್ಸಿರುವುದು ಬೋಳು ಕುತ್ತಿಗೆ ಕೋಳಿಯ ಮೇಲೆ. ನೋಡುವುದಕ್ಕೆ ಚೆಂದ ಇಲ್ಲ ಅಂತ ಜನ ತೆಗೆದುಹಾಕುತ್ತಾರೆ, ನಮ್ಮ ಊರಲ್ಲೂ ಈಗ ಕಾಣುವುದೇ ಅಪರೂಪ. ಪುಕ್ಕ ಕಮ್ಮಿ ಇರುವುದರಿಂದ ಮೈ ಬಿಸಿ ಬೇಗ ಹೊರಗೆ ಹೋಗುತ್ತದೆ, ಸೆಕೆ ತಡೆಯುತ್ತದೆ. ಏಪ್ರಿಲ್‌ನಲ್ಲಿ ನನ್ನ ಸ್ವರ್ಣಧಾರ ಬಾಯಿ ಬಿಟ್ಟು ನೆರಳಲ್ಲಿ ಕೂತಾಗ, ಅತ್ತೆಯ ಒಂದೇ ಒಂದು ಬೋಳು ಕುತ್ತಿಗೆ ಹ್ಯಾಟೆ ಬಿಸಿಲಲ್ಲಿ ಕೆದರುತ್ತಿತ್ತು, ಅವತ್ತೇ ಈ ಯೋಚನೆ ಬಂದಿದ್ದು. ಈ ಗುಣ ಮರಿಗೆ ಇಳಿಯುವುದು ನೋಡಿ ಗೊತ್ತಾಗುತ್ತದೆ. ಅಪ್ಪ ಅಮ್ಮ ಇಬ್ಬರಿಂದಲೂ ಬಂದಿದ್ದರೆ ಕುತ್ತಿಗೆ ಪೂರ್ತಿ ಬೋಳು. ಒಬ್ಬರಿಂದ ಮಾತ್ರ ಬಂದಿದ್ದರೆ ಕುತ್ತಿಗೆ ಮುಂದೆ ಕೆಳಗಡೆ ಒಂದು ಗೊಂಚಲು ಪುಕ್ಕ ಉಳಿಯುತ್ತದೆ. ಅತ್ತೆಯ ಹ್ಯಾಟೆಗೆ ಗೊಂಚಲಿದೆ, ಅಂದರೆ ಅದರ ಮರಿಗಳಲ್ಲಿ ಸುಮಾರು ಅರ್ಧಕ್ಕೆ ಮಾತ್ರ ಬೋಳು ಕುತ್ತಿಗೆ ಬರುತ್ತದೆ, ಹುಂಜ ಮಾಮೂಲಿ ಇದ್ದರೆ.

ಇಲ್ಲಿ ಒಂದು ಎಚ್ಚರಿಕೆ, ಯಾರೂ ಹೇಳದೇ ಇರುವುದು. ಹುಂಜ ಬದಲಾಯಿಸಿದ ಮರುದಿನವೇ ಹೊಸ ಹುಂಜದ ಮರಿ ಅಂತ ಮೊಟ್ಟೆ ಎತ್ತಿಡಬೇಡಿ. ಒಂದು ಸಲ ಹುಂಜದ ಜೊತೆ ಸೇರಿದ ಹೆಣ್ಣು ಕೋಳಿ ಎರಡು ಮೂರು ವಾರದ ತನಕ ಫಲ ಕಟ್ಟಿದ ಮೊಟ್ಟೆ ಇಡುತ್ತದೆ. ಹಳೆಯ ಹುಂಜದಿಂದ ಬೇರೆ ಮಾಡಿ ಮೂರು ವಾರ ಕಾದು, ಆಮೇಲೆ ಹೊಸ ಹುಂಜ ಬಿಡಿ. ನಾನು ಈಗ ಮಾಡುತ್ತಿರುವುದು ಅದನ್ನೇ. ಹಿತ್ತಲ ಮೂಲೆಯಲ್ಲಿ ಬಲೆ ಕಟ್ಟಿ, ಐದು ನಾಟಿ ಹ್ಯಾಟೆ, ಒಂದು ನಾಟಿ ಹುಂಜ ಬೇರೆಯಾಗಿ ಇಟ್ಟಿದ್ದೇನೆ, ಸ್ವರ್ಣಧಾರ ಹುಂಜ ಅಲ್ಲಿಗೆ ಹೋಗದ ಹಾಗೆ. ನಮ್ಮ ಊರಲ್ಲಿ ಎಲ್ಲರೂ ಮೂವತ್ತು ವರ್ಷದಿಂದ ಗಿರಿರಾಜ ಹುಂಜ ಬಿಟ್ಟೂ ಬಿಟ್ಟೂ, ಕಾವಿಗೆ ಕೂರುವ ಕೋಳಿ ಬೇಕು ಅಂದರೆ ನಾಲ್ಕು ಮನೆ ಹುಡುಕುವ ಹಾಗೆ ಆಗಿದೆ. ಬೆರಕೆ ಮಾಡುವುದು ತಪ್ಪು ಅಂತ ನಾನು ಹೇಳುತ್ತಿಲ್ಲ, ನಾಟಿ ಹ್ಯಾಟೆಗೆ ಗಿರಿರಾಜ ಹುಂಜ ಬಿಟ್ಟರೆ ಮರಿ ದಪ್ಪ ಬರುತ್ತದೆ, ತಿನ್ನುವುದಕ್ಕೆ ಚೆನ್ನಾಗಿರುತ್ತದೆ. ಆದರೆ ಆ ಮರಿಯನ್ನು ತಿಂದು ಮುಗಿಸಿ. ಅದರಿಂದ ಮತ್ತೆ ಮರಿ, ಅದರಿಂದ ಮತ್ತೆ ಮರಿ ಅಂತ ಹೋದರೆ ಮನೆಯ ಹಳೆಯ ಕೋಳಿ ಗೊತ್ತಾಗದ ಹಾಗೆ ಕಳೆದುಹೋಗುತ್ತದೆ.

ಅಂದ ಹಾಗೆ, ದಪ್ಪ ಹಳದಿ ಕಾಲು, ಅಗಲ ಎದೆ, ತೊಟ್ಟಿ ಪಕ್ಕದಲ್ಲೇ ಕೂತಿರುವ ಬಣ್ಣದ ಕೋಳಿ ಎರಡು ತಿಂಗಳಿಗೆ ಒಂದೂವರೆ ಕೆಜಿ ತೂಗುತ್ತಿದ್ದರೆ ಅದನ್ನು ನಾಟಿ ಅಂತ ಯಾರೇ ಹೇಳಿದರೂ ನಾಟಿ ಬೆಲೆ ಕೊಡಬೇಡಿ. ಅದು ಬಣ್ಣದ ಬ್ರಾಯ್ಲರ್, ಮಾಂಸಕ್ಕೆ ಅಂತಲೇ ಬೆಳೆಸುವ ಫಾರಂ ಕೋಳಿ. ನಾಟಿ ಆ ತೂಕಕ್ಕೆ ಬರುವುದಕ್ಕೆ ಐದಾರು ತಿಂಗಳು ಬೇಕು, ಸಂಜೆ ಆದರೆ ಮರ ಹತ್ತುತ್ತದೆ, ಹಿಡಿಯಬೇಕಾದರೆ ಮನೆಯವರೆಲ್ಲ ಓಡಬೇಕು.

ಮುಂದಿನ ತಿಂಗಳು ಮತ್ತೆ ಮೂವತ್ತು ಸ್ವರ್ಣಧಾರ ಮರಿಗೆ ಹೇಳಿದ್ದೇನೆ. ಅತ್ತೆಯ ಎರಡು ಕೋಳಿ ಆ ಹೊತ್ತಿಗೆ ಕಾವಿಗೆ ಕೂರುವ ಲಕ್ಷಣ ಕಾಣುತ್ತಿದೆ, ಕೂತರೆ ಹನ್ನೆರಡು ಹನ್ನೆರಡು ಅವಕ್ಕೆ, ಉಳಿದದ್ದು ಬಲ್ಬಿಗೆ. ಗುಬ್ಬಿ, ತಿಪಟೂರು, ತುರುವೇಕೆರೆ ಕಡೆ ಯಾರ ಮನೆಯಲ್ಲಾದರೂ ಗೊಂಚಲಿಲ್ಲದ, ಪೂರ್ತಿ ಬೋಳು ಕುತ್ತಿಗೆಯ ನಾಟಿ ಹುಂಜ ಇದ್ದರೆ ತಿಳಿಸಿ. ದುಡ್ಡು ಕೊಡುತ್ತೇನೆ, ಬೇಡ ಅಂದರೆ ಮೊಟ್ಟೆಗೆ ಬಂದಿರುವ ಎರಡು ಸ್ವರ್ಣಧಾರ ಹ್ಯಾಟೆ ಕೊಡುತ್ತೇನೆ.